ಮನೆಯ ಕೆಳಗಿನ ಎರಿ, ಮನೆಯ ಮೇಲಿನ ಮಳೆ

ಮನೆಗೆ ಎರಗುವ ಪ್ರಕೃತಿ ವಿಕೋಪ ಎಂದಾಗ ನಮಗೆ ನೆನಪಾಗುವುದು ನೆರೆ, ಭೂಕಂಪ, ಗುಡ್ಡ ಕುಸಿತ. ಇವುಗಳಿಗೆ ಒಂದು ದಿನಾಂಕ ಇರುತ್ತದೆ, ಸುದ್ದಿ ಇರುತ್ತದೆ, ಪಂಚನಾಮೆ ಇರುತ್ತದೆ. ಬೆಳಗಾವಿ ನಗರದ ಎಷ್ಟೋ ಮನೆಗಳನ್ನು ಕೆಡಿಸುತ್ತಿರುವ ವಿಕೋಪಕ್ಕೆ ದಿನಾಂಕವೇ ಇಲ್ಲ. ಏಪ್ರಿಲ್‌ನಲ್ಲಿ ಕಿಟಕಿಯ ಮೂಲೆಯಿಂದ ಒಂದು ಓರೆ ಸೀಳು ಹೊರಡುತ್ತದೆ. ಮೇ ಮುಗಿಯುವ ಹೊತ್ತಿಗೆ ಅದರೊಳಗೆ ನಾಣ್ಯ ತೂರುತ್ತದೆ. ಮಳೆ ಹಿಡಿದ ಮೇಲೆ ಸೀಳು ತಾನಾಗಿ ಕೂಡಿಕೊಳ್ಳುತ್ತದೆ, ಆದರೆ ಆಗ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಯವರು ಗೌಂಡಿಯನ್ನು ಬೈಯುತ್ತಾರೆ, ಗೌಂಡಿ ಸಿಮೆಂಟನ್ನು ಬೈಯುತ್ತಾನೆ. ದೀಪಾವಳಿಗೆ ಪುಟ್ಟಿ ತುಂಬಿ ಬಣ್ಣ ಹೊಡೆದದ್ದಾಯಿತು. ಮುಂದಿನ ಬೇಸಿಗೆಯಲ್ಲಿ ಸೀಳು ಅದೇ ಜಾಗದಲ್ಲಿ ಮತ್ತೆ ಬಾಯಿ ತೆರೆಯುತ್ತದೆ.

ಇದು ಎರಿಯ, ಅಂದರೆ ಕಪ್ಪು ಜೇಡಿ ಮಣ್ಣಿನ, ಕೆಲಸ. ಬೇಸಿಗೆಯಲ್ಲಿ ಹೊಲ ಬಿರಿದು ಬಾಯಿಬಿಡುವುದನ್ನು ಕಂಡ ರೈತನಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಅದೇ ಹೊಲ ಎನ್‌ಎ (ಕೃಷಿಯೇತರ) ಆಗಿ, ಅದರ ಮೇಲೆ ರಸ್ತೆ ಗೆರೆ ಬಿದ್ದು, 30 ಅಡಿ 40 ಅಡಿಯ ಪ್ಲಾಟ್‌ಗಳಾದಾಗ ಮಾತ್ರ ನಾವು ಅದನ್ನು ಮರೆತುಬಿಡುತ್ತೇವೆ. ಮಣ್ಣು ಮರೆಯುವುದಿಲ್ಲ.

ಬೆಳಗಾವಿ ಇರುವುದು ದಖ್ಖನ್ನಿನ ಕಪ್ಪು ಬಸಾಲ್ಟ್ ಹಾಸಿನ ದಕ್ಷಿಣದ ಅಂಚಿನಲ್ಲಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಆರಿದ ಲಾವಾ ಅದು. ಆ ಕಲ್ಲು ಬಿಸಿಲು ಮಳೆಗೆ ಶಿಥಿಲವಾಗಿ ಎರಡು ದಾರಿ ಹಿಡಿಯಿತು. ಮಳೆ ಹೆಚ್ಚು ಸುರಿದು, ನೀರು ಇಳಿದು ಹೋಗುವ ಪಶ್ಚಿಮದ ಎತ್ತರಗಳಲ್ಲಿ ಸುಣ್ಣ, ಮೆಗ್ನೀಸಿಯಂ, ಸಿಲಿಕಾ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದು ಕೆಂಪು ಜಂಬಿಟ್ಟಿಗೆಯಾಯಿತು. ನೀರು ನಿಲ್ಲುವ ತಗ್ಗಿನಲ್ಲಿ, ಮಳೆ ಕಡಿಮೆಯಾಗುತ್ತ ಹೋಗುವ ಪೂರ್ವದಲ್ಲಿ ಅವೇ ಖನಿಜಗಳು ಉಳಿದುಕೊಂಡು ಎರಿಯಾಯಿತು. ಹಾಗಾಗಿ ಒಂದೇ ಊರಿನೊಳಗೆ ಎರಡು ನೆಲ. ದಿಬ್ಬದ ಮೇಲಿನ ಮನೆ ನೂರು ವರ್ಷವಾದರೂ ಗಟ್ಟಿ ನಿಂತಿರುತ್ತದೆ, ಗದ್ದೆ ತುಂಬಿಸಿ ಎಬ್ಬಿಸಿದ ಬಡಾವಣೆಯ ಮನೆ ಐದನೇ ವರ್ಷಕ್ಕೆ ಸೀಳುತ್ತದೆ. ಶಹಾಪುರ, ವಡಗಾವಿ, ಯಳ್ಳೂರು ಕಡೆಯ ಭತ್ತದ ಗದ್ದೆಗಳು ಹೆಸರಾದದ್ದೇ ನೀರು ಹಿಡಿದಿಟ್ಟುಕೊಳ್ಳುವ ಆ ಜಿಗುಟು ಮಣ್ಣಿನಿಂದ. ಭತ್ತಕ್ಕೆ ವರವಾದ ಗುಣವೇ ಪಾಯಕ್ಕೆ ಶಾಪ.

ಗುಣ ಏನೆಂದು ಸ್ವಲ್ಪ ನಿಧಾನವಾಗಿ ನೋಡೋಣ. ಎರಿಯಲ್ಲಿ ಸ್ಮೆಕ್ಟೈಟ್ ಗುಂಪಿನ ಜೇಡಿ ಖನಿಜ ಇರುತ್ತದೆ. ಅದರ ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳ ಕಟ್ಟು. ವೀಳ್ಯದೆಲೆಯ ಕವಳಿ ನೀರು ಚಿಮುಕಿಸಿದಾಗ ಎಲೆ ಎಲೆಯ ನಡುವೆ ತೇವ ಹಿಡಿದು ದಪ್ಪವಾಗುವ ಹಾಗೆ, ಈ ಹಾಳೆಗಳ ನಡುವೆ ನೀರು ನುಗ್ಗಿ ಅವನ್ನು ಒಂದರಿಂದೊಂದು ದೂರ ತಳ್ಳುತ್ತದೆ. ಮಣ್ಣು ಉಬ್ಬುತ್ತದೆ. ಬಿಸಿಲಿಗೆ ನೀರು ಹೋದಾಗ ಕುಗ್ಗಿ ಬಿರಿಯುತ್ತದೆ. ನಮ್ಮ ದೇಶದ ಎರಿ ನೆಲದಲ್ಲಿ ಈ ಏರಿಳಿತ ಮೇಲ್ಮೈಯಿಂದ ಸುಮಾರು 3.5 ಮೀಟರ್ ಆಳದವರೆಗೂ ನಡೆಯುತ್ತದೆ ಎಂಬುದು ಎಂಜಿನಿಯರರ ಲೆಕ್ಕ. ಸಾಮಾನ್ಯ ಮನೆಗೆ ನಾವು ತೋಡುವ ಪಾಯ ನಾಲ್ಕೈದು ಅಡಿ. ಅಂದರೆ ಪೂರ್ತಿ ಪಾಯವೇ ಅಲುಗಾಡುವ ಪದರದೊಳಗೆ ಕೂತಿರುತ್ತದೆ.

ಇಡೀ ಮನೆ ಒಂದೇ ಸಮನೆ ಏರಿ ಒಂದೇ ಸಮನೆ ಇಳಿದಿದ್ದರೆ ಯಾವ ಗೋಡೆಯೂ ಸೀಳುತ್ತಿರಲಿಲ್ಲ. ತೊಂದರೆ ಇರುವುದು ಅಸಮದಲ್ಲಿ. ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲು ತಾಗುವುದಿಲ್ಲ, ಅಲ್ಲಿ ತೇವ ವರ್ಷವಿಡೀ ಉಳಿದಿರುತ್ತದೆ. ಹೊರಗೋಡೆಗಳ ಕೆಳಗಿನ ಮಣ್ಣು ಬೇಸಿಗೆಯಲ್ಲಿ ಒಣಗಿ ತಗ್ಗುತ್ತದೆ, ಮೂಲೆಗಳು ಜೋತುಬೀಳುತ್ತವೆ. ಮಳೆಗಾಲದಲ್ಲಿ ಅದೇ ಅಂಚು ಮೊದಲು ನೀರು ಕುಡಿದು ಮೇಲೇಳುತ್ತದೆ. ಬಚ್ಚಲಿನ ಪೈಪು ಸೋರುವ ಕಡೆ, ಇಂಗುಗುಂಡಿ ಇರುವ ಕಡೆ, ನಲ್ಲಿ ತೊಟ್ಟಿಕ್ಕುವ ಕಡೆ ಮಣ್ಣು ಸದಾ ಉಬ್ಬಿರುತ್ತದೆ. ಗೋಡೆಯ ಪಕ್ಕ ದೊಡ್ಡ ಮರವಿದ್ದರೆ ಅದರ ಬೇರು ನೀರು ಹೀರಿ ಆ ಬದಿಯನ್ನು ಇನ್ನಷ್ಟು ಕುಗ್ಗಿಸುತ್ತದೆ. ಹೀಗೆ ಮನೆಯ ಒಂದೊಂದು ಮೂಲೆ ಒಂದೊಂದು ಮಟ್ಟದಲ್ಲಿ ನಿಂತಾಗ ಇಟ್ಟಿಗೆ ಗೋಡೆ ತಾಳಲಾರದೆ ಬಾಗಿಲು, ಕಿಟಕಿಯ ಮೂಲೆಗಳಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಸೀಳುತ್ತದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಇದು ಸಣ್ಣ ಮನೆಯನ್ನೇ ಹೆಚ್ಚು ಕಾಡುವ ವಿಕೋಪ. ಉಬ್ಬುವ ಎರಿ ಮೇಲಕ್ಕೆ ತಳ್ಳುವ ಒತ್ತಡ ಒಂದಂತಸ್ತಿನ ಮನೆಯ ಭಾರಕ್ಕಿಂತ ಹೆಚ್ಚಿರಬಹುದು. ನಾಲ್ಕಂತಸ್ತಿನ ಕಟ್ಟಡ ತನ್ನ ಭಾರದಿಂದ ಆ ಒತ್ತಡವನ್ನು ಅದುಮುತ್ತದೆ, ಅದಕ್ಕೆ ಆಳದ ಪಾಯವೂ ಇರುತ್ತದೆ, ಎಂಜಿನಿಯರನೂ ಇರುತ್ತಾನೆ. ಸಾಲ ಮಾಡಿ ಎರಡು ಕೋಣೆ, ಒಂದು ಅಡುಗೆಮನೆ ಕಟ್ಟಿಕೊಂಡ ನೇಕಾರ ಕುಟುಂಬಕ್ಕೆ, ನಿವೃತ್ತ ಶಿಕ್ಷಕರಿಗೆ ಇವೆರಡೂ ಇರುವುದಿಲ್ಲ. ಜೋನ್ಸ್ ಮತ್ತು ಹೋಲ್ಟ್ಸ್ ಎಂಬ ಇಬ್ಬರು ಅಮೆರಿಕನ್ನರು 1973ರಲ್ಲೇ ಲೆಕ್ಕ ಹಾಕಿ, ಉಬ್ಬುವ ಮಣ್ಣಿನಿಂದ ತಮ್ಮ ದೇಶಕ್ಕೆ ವರ್ಷಕ್ಕೆ 200 ಕೋಟಿ ಡಾಲರಿಗೂ ಹೆಚ್ಚು ನಷ್ಟ ಎಂದು ತೋರಿಸಿದ್ದರು. ನೆರೆ, ಚಂಡಮಾರುತ, ಭೂಕಂಪಗಳಂತೆ ಪ್ರಾಣ ತೆಗೆಯುವುದಿಲ್ಲವಾದ್ದರಿಂದ ಇದು ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಅವರ ಕೊರಗಾಗಿತ್ತು.

ಪರಿಹಾರ ಇಲ್ಲವೆಂದಲ್ಲ. ಭಾರತದಲ್ಲೇ ಬೆಳೆದ ಪರಿಹಾರಗಳಿವೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ 1950ರ ದಶಕದಿಂದ ಅಂಡರ್‌ರೀಮ್ಡ್ ಪೈಲ್‌ಗಳನ್ನು ಬೆಳೆಸಿ ಬಳಕೆಗೆ ತಂದಿತು. ನೆಲದಲ್ಲಿ ಮೂರೂವರೆ ನಾಲ್ಕು ಮೀಟರ್ ಸಣ್ಣ ಬಾವಿಯಂತೆ ಕೊರೆದು, ತಳದಲ್ಲಿ ಗಡಿಗೆಯಾಕಾರ ಅಗಲಿಸಿ, ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಅಲುಗಾಡದ ಆಳದಲ್ಲಿ ಕಾಲೂರಿದ ಈ ಪೈಲ್‌ಗಳ ಮೇಲೆ ತೊಲೆ ಕಟ್ಟಿ, ತೊಲೆಗೂ ನೆಲಕ್ಕೂ ನಡುವೆ ಜಾಗ ಬಿಟ್ಟರೆ ಎರಿ ತನ್ನಷ್ಟಕ್ಕೆ ಉಬ್ಬಿ ಇಳಿಯುತ್ತದೆ, ಮನೆ ಅಲುಗುವುದಿಲ್ಲ. ಇನ್ನೊಂದು ದಾರಿ ತೋರಿಸಿದವರು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ. ಎರಿಯ ಮೇಲೆ ಸುಮಾರು ಒಂದು ಮೀಟರ್ ದಪ್ಪ, ಅಂಟುಗುಣವಿದ್ದೂ ಉಬ್ಬದ ಮಣ್ಣನ್ನು ಹಾಸಿ ಒತ್ತಿ ಬಿಗಿ ಮಾಡಿದರೆ ಕೆಳಗಿನ ಉಬ್ಬರ ಹತೋಟಿಗೆ ಬರುತ್ತದೆ ಎಂದು ಅವರು ಪ್ರಯೋಗಗಳಿಂದ ತೋರಿಸಿದರು. ಮಲಪ್ರಭಾ ಯೋಜನೆಯ ಕಾಲುವೆಗಳು ಎರಿ ನೆಲ ಹಾಯ್ದು ಹೋಗಬೇಕಾದಾಗ ಈ ವಿಧಾನ ನಮ್ಮ ಸೀಮೆಯಲ್ಲೇ ಬಳಕೆಯಾಯಿತು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳೆಯ ನೀರಿಗೆ ದಾರಿ ಮಾಡಿದ ಅದೇ ಜ್ಞಾನ ಅದೇ ಜಿಲ್ಲೆಯ ಮನೆಗಳ ಪಾಯಕ್ಕೆ ಇನ್ನೂ ಇಳಿದಿಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿ.

ಬೆಳಗಾವಿಯಿಂದ ದಕ್ಷಿಣಕ್ಕೆ 25 ಕಿಲೋಮೀಟರ್ ಆಸುಪಾಸು ಹೋದರೆ ಖಾನಾಪುರ. ಅಷ್ಟರಲ್ಲಿ ನೆಲ ಬದಲಾಗುತ್ತದೆ, ಮಳೆ ಬದಲಾಗುತ್ತದೆ, ಮನೆ ಕೆಡುವ ಬಗೆಯೂ ಬದಲಾಗುತ್ತದೆ. ಜಾಂಬೋಟಿ, ಕಣಕುಂಬಿ ಕಡೆಗೆ ಹೋದಷ್ಟೂ ಮಳೆ ಏರುತ್ತದೆ. ಇದೇ ಜಿಲ್ಲೆಯ ಅಥಣಿ ಇಡೀ ವರ್ಷದಲ್ಲಿ ಕಾಣುವ ಮಳೆಗಿಂತ ಹೆಚ್ಚು ಕಣಕುಂಬಿಗೆ ಒಂದೇ ತಿಂಗಳಲ್ಲಿ ಬೀಳುತ್ತದೆ. ಇಲ್ಲಿ ಅಪಾಯ ಇರುವುದು ಗೋಡೆಯ ಮಣ್ಣಿನಲ್ಲಿ.

ಮಣ್ಣಿನ ಗೋಡೆ ನಿಲ್ಲುವುದು ಒಣಗಿರುವುದರಿಂದ. ಕಣ ಕಣದ ನಡುವಿನ ಅತಿ ಸಣ್ಣ ತೇವ ಅವನ್ನು ಒಂದಕ್ಕೊಂದು ಸೆಳೆದು ಹಿಡಿದಿರುತ್ತದೆ. ನೀರು ತುಂಬಿಕೊಂಡರೆ ಆ ಸೆಳೆತ ಇಲ್ಲವಾಗಿ ಗೋಡೆ ತನ್ನ ಭಾರವನ್ನೇ ಹೊರಲಾರದೆ ಬುಡದಲ್ಲಿ ಹಿಸುಕಿಕೊಂಡು ಕೂರುತ್ತದೆ. ಹಾಗಾಗಿ ಗೋಡೆ ಬೀಳುವುದು ಮಳೆ ಜೋರಾಗಿ ಸುರಿಯುವಾಗಲೇ ಆಗಬೇಕೆಂದಿಲ್ಲ. ವಾರಗಟ್ಟಲೆ ಹನಿ ಹಿಡಿದು, ಹೊಳವಾದ ಮರುದಿನ, ಎಲ್ಲರೂ ನಿಟ್ಟುಸಿರು ಬಿಟ್ಟ ಹೊತ್ತಿನಲ್ಲಿ ಬೀಳಬಹುದು. 2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಮನೆಯ ಗೋಡೆ ಕುಸಿದು ಮಕ್ಕಳೂ ಸೇರಿ 7 ಜನ ಸತ್ತರು. ಮುಂಗಾರು ಮುಗಿಯುತ್ತ ಬಂದ ಕಾಲ ಅದು. ನೆರೆಯ ನೀರು ಆ ಮನೆಯೊಳಗೆ ನುಗ್ಗಿರಲಿಲ್ಲ, ಗುಡ್ಡ ಜಾರಿರಲಿಲ್ಲ. ನೆನೆದ ಗೋಡೆಯೊಂದೇ ಸಾಕಾಯಿತು.

ಹಿಂದಿನವರಿಗೆ ಈ ಅಪಾಯ ಚೆನ್ನಾಗಿ ಗೊತ್ತಿತ್ತು. ಎತ್ತರದ ಕಟ್ಟೆ, ಗೋಡೆಯಿಂದ ಮುಂದಕ್ಕೆ ಚಾಚಿದ ಹಂಚಿನ ಸೂರು, ಮಳೆ ಹೊಡೆಯುವ ದಿಕ್ಕಿನ ಗೋಡೆಗೆ ಮುಂಗಾರಿಗೆ ಮುಂಚೆ ಕಟ್ಟುವ ತಟ್ಟಿ, ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವುದು ಎಲ್ಲವೂ ಗೋಡೆಯ ಬುಡ ನೆನೆಯದಂತೆ ನೋಡಿಕೊಳ್ಳುವ ಉಪಾಯಗಳೇ. ಈಗ ನಾವು ಮಾಡುತ್ತಿರುವುದು ಉಲ್ಟಾ. ಹಳೆಯ ಮಣ್ಣಿನ ಗೋಡೆಗೆ ಚೆಂದ ಕಾಣಲೆಂದು ಸಿಮೆಂಟ್ ಪ್ಲಾಸ್ಟರ್ ಹೊಡೆಯುತ್ತೇವೆ. ಅದು ಹೊರಗಿನ ನೀರನ್ನು ತಡೆದಂತೆ ಕಂಡರೂ ಬುಡದಿಂದ ಏರಿದ, ಬಿರುಕಿನಿಂದ ಇಳಿದ ತೇವವನ್ನು ಒಳಗೇ ಕೂಡಿಹಾಕುತ್ತದೆ. ಮೇಲೆ ಗಟ್ಟಿ ಸಿಪ್ಪೆ, ಒಳಗೆ ಕೆಸರು. ಊರೊಳಗಿನ ಕಾಂಕ್ರೀಟ್ ರಸ್ತೆಯನ್ನು ಪ್ರತಿ ಸಲ ಹಳೆಯದರ ಮೇಲೆಯೇ ಎತ್ತರಿಸುತ್ತ ಹೋದದ್ದರಿಂದ ಎಷ್ಟೋ ಮನೆಗಳ ಕಟ್ಟೆ ರಸ್ತೆಗಿಂತ ತಗ್ಗಾಗಿದೆ, ಮಳೆನೀರು ನೇರ ಗೋಡೆಯ ಬುಡಕ್ಕೆ ಹರಿಯುತ್ತದೆ. ಇವೆರಡನ್ನು ನಿಲ್ಲಿಸಿದರೆ ಅರ್ಧ ಮನೆಗಳು ಉಳಿಯುತ್ತವೆ ಎಂದೇ ನನ್ನ ನಂಬಿಕೆ.

ಖಾನಾಪುರದ ಜೇಡಿಮಣ್ಣಿನ ಹೆಸರು ದೊಡ್ಡದು. ಹಂಚು, ಇಟ್ಟಿಗೆ, ಗಡಿಗೆಗಳಿಗೆ ಹೆಸರಾದ ಊರು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವ ಊರು. ಜೇಡಿಯನ್ನು ಭಟ್ಟಿಯಲ್ಲಿ ಕೆಂಪಗೆ ಸುಟ್ಟಾಗ ಅದರ ಕಣದ ರಚನೆಯೊಳಗಿನ ನೀರೇ ಹೊರಟುಹೋಗಿ, ಆಮೇಲೆ ಎಷ್ಟು ನೆನೆಸಿದರೂ ಅದು ಮತ್ತೆ ಮೆದುವಾಗುವುದಿಲ್ಲ. ಹಸಿ ಇಟ್ಟಿಗೆಯ ಮನೆಗೂ ಸುಟ್ಟ ಇಟ್ಟಿಗೆಯ ಮನೆಗೂ ಇರುವ ವ್ಯತ್ಯಾಸ ಇದು. ಪೂರ್ತಿ ಮನೆಗೆ ಸುಟ್ಟ ಇಟ್ಟಿಗೆ ಕೊಳ್ಳಲಾಗದವರು ನೆಲದಿಂದ ಮೂರಡಿಯವರೆಗಾದರೂ ಜಂಬಿಟ್ಟಿಗೆ ಕಲ್ಲು ಅಥವಾ ಸುಟ್ಟ ಇಟ್ಟಿಗೆ ಬಳಸಿ, ಮೇಲೆ ಮಣ್ಣು ಕಟ್ಟಿದರೆ ಅಪಾಯ ಬಹುಪಾಲು ತಪ್ಪುತ್ತದೆ.

ಜಂಬಿಟ್ಟಿಗೆ ನೆಲ ಗಟ್ಟಿ ಎಂದು ಮೇಲೆ ಹೇಳಿದೆ. ಅದಕ್ಕೂ ಒಂದು ಎಚ್ಚರಿಕೆ ಬೇಕು. ಕಾಸರಗೋಡು, ಕಣ್ಣೂರು ಜಿಲ್ಲೆಗಳ ಜಂಬಿಟ್ಟಿಗೆ ಗುಡ್ಡಗಳಲ್ಲಿ ಮೇಲಿನ ಗಟ್ಟಿ ಪದರದ ಕೆಳಗೆ ಮೆದುವಾದ ಜೇಡಿ ಇದೆ. ಮಳೆನೀರು ಇಳಿದು ಆ ಜೇಡಿಯನ್ನು ಒಳಗೊಳಗೇ ಕೊಚ್ಚಿಕೊಂಡು ಹೋಗಿ ಸುರಂಗಗಳಾಗುತ್ತವೆ. ಮೇಲೆ ಮನೆ, ತೋಟ ಎಂದಿನಂತೆ ಇರುತ್ತವೆ, ಒಂದು ದಿನ ಅಂಗಳ ಕುಸಿದು ಬಾವಿಯಂಥ ಗುಂಡಿ ಕಾಣುತ್ತದೆ. ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರದ ವಿಜ್ಞಾನಿಗಳು ಇಂಥ ಸುರಂಗಗಳನ್ನು ಹೊಕ್ಕು ಅಳೆದು ದಾಖಲಿಸಿದ್ದಾರೆ. ಕೇರಳ ಸರ್ಕಾರ ಇದನ್ನು ಮಿಂಚು ಸಿಡಿಲು, ಕಡಲ್ಕೊರೆತಗಳ ಸಾಲಿನಲ್ಲಿ ತನ್ನ ರಾಜ್ಯದ ವಿಶೇಷ ವಿಪತ್ತು ಎಂದು ಘೋಷಿಸಿತು. ಕಾಸರಗೋಡಿನ ಕನ್ನಡಿಗರ ಮನೆ ಹೀಗೆ ಕುಸಿದರೆ ಅದು ಸರ್ಕಾರದ ಪುಸ್ತಕದಲ್ಲಿ ವಿಪತ್ತು. ಬೆಳಗಾವಿಯ ಕನ್ನಡಿಗರ ಮನೆ ಎರಿಯಿಂದ ಸೀಳಿದರೆ ಅದು ಮಾಲೀಕರ ಹಣೆಬರಹ.

ಭೂಕಂಪದ ವಿಷಯ ಇಲ್ಲಿ ಚುಟುಕಾಗಿ ಸಾಕು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ ನೆಲ ನಡುಗಿದಾಗ ಬೆಳಗಾವಿಯೂ ನಡುಗಿತ್ತು, ಕೊಯ್ನಾ ಇಲ್ಲಿಂದ ಉತ್ತರಕ್ಕೆ ಸುಮಾರು 190 ಕಿಲೋಮೀಟರ್. 2002ರ ರಾಷ್ಟ್ರೀಯ ಭೂಕಂಪ ನಕ್ಷೆಯಲ್ಲಿ ಬೆಳಗಾವಿ 3ನೇ ವಲಯದಲ್ಲಿದೆ. 1993ರ ಸೆಪ್ಟೆಂಬರ್ 30ರಂದು ಅದೇ ರಾಜ್ಯದ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನ ಸತ್ತದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳ ಕೆಳಗೆ. ಇದನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣ ಒಂದೇ: ಪಾಯದ ಮಟ್ಟದಲ್ಲಿ, ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಎಲ್ಲೂ ತುಂಡಾಗದಂತೆ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಕಟ್ಟಿದರೆ ಅದು ಭೂಕಂಪಕ್ಕೂ ಆಗುತ್ತದೆ, ಎರಿಯ ಎಳೆದಾಟಕ್ಕೂ ಆಗುತ್ತದೆ. ಒಂದೇ ಖರ್ಚಿಗೆ ಎರಡು ರಕ್ಷಣೆ.

ಕಾನೂನಿನ ಕಡೆ ಬರೋಣ. ರಾಜ್ಯ ವಿಪತ್ತು ಸ್ಪಂದನಾ ನಿಧಿಗೆ ಕೇಂದ್ರ ಗುರುತಿಸಿರುವ ವಿಪತ್ತುಗಳು 12: ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ. ಉಬ್ಬುವ ಮಣ್ಣು ಈ ಪಟ್ಟಿಯಲ್ಲಿಲ್ಲ. 2019ರ ನೆರೆಯ ನಂತರ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿ, ಹಾನಿಯ ಪ್ರಮಾಣ ನೋಡಿ ಮನೆಗಳನ್ನು ವರ್ಗ ವರ್ಗವಾಗಿ ವಿಂಗಡಿಸಿತು. ಆ ವಿಂಗಡಣೆ ಒಂದೇ ಮಳೆಗೆ ಬಿದ್ದ ಮನೆಗಳದು. ಹತ್ತು ವರ್ಷ ಇಷ್ಟಿಷ್ಟೇ ಸೀಳಿ ವಾಸಕ್ಕೆ ಬಾರದಾದ ಮನೆಗೆ ಅಲ್ಲಿ ಕಾಲಂ ಇಲ್ಲ. ಆದರೆ ನಿಧಿಯ ಶೇ 10ರಷ್ಟನ್ನು ರಾಜ್ಯ ತಾನೇ ಗುರುತಿಸಿದ ಸ್ಥಳೀಯ ವಿಪತ್ತಿಗೆ ಬಳಸಲು ಅವಕಾಶವಿದೆ. ಕೇರಳ ತೆರೆದದ್ದು ಈ ಬಾಗಿಲನ್ನೇ.

ವಿಮೆಯದ್ದೂ ಓದಿ ನೋಡಬೇಕಾದ ಕಥೆ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿಯನ್ನು ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ಪದಗಳಲ್ಲಿ ಕೊಡಬೇಕು. ಬೆಂಕಿ, ಸಿಡಿಲು, ನೆರೆ, ಭೂಕಂಪ ಅದರಲ್ಲಿ ಸೇರಿವೆ. ಮನೆ ನಿಂತ ನೆಲ ಕುಸಿಯುವುದೂ ಸೇರಿದೆ. ಆದರೆ ಸಾಧಾರಣ ಬಿರುಕು, ಹೊಸ ಕಟ್ಟಡ ಕೂರುವುದು, ಮಣ್ಣು ತುಂಬಿಸಿದ ನೆಲದ ಚಲನೆ, ಕೆಟ್ಟ ವಿನ್ಯಾಸ ಅಥವಾ ಕೆಟ್ಟ ಸಾಮಗ್ರಿಯಿಂದಾದ ಹಾನಿ ಹೊರಗಿವೆ. ಗದ್ದೆ ತುಂಬಿಸಿ ಮಾಡಿದ ಪ್ಲಾಟಿನ ಮೇಲೆ ಮನೆ ಕಟ್ಟಿದವರು ಈ ಸಾಲನ್ನು ಎರಡು ಸಲ ಓದಬೇಕು. ಫ್ರಾನ್ಸಿನಲ್ಲಿ ಪರಿಸ್ಥಿತಿ ಬೇರೆ. 1982ರ ಪ್ರಕೃತಿ ವಿಕೋಪ ವಿಮೆಯ ಕಾನೂನಿನಡಿ ಅಲ್ಲಿ 1989ರಿಂದ ಜೇಡಿಯ ಉಬ್ಬರ, ಕುಗ್ಗುವಿಕೆಯನ್ನು ವಿಕೋಪವೆಂದು ಒಪ್ಪಿದ್ದಾರೆ. ಒಂದು ಕೋಟಿಗೂ ಹೆಚ್ಚು ಮನೆಗಳು ಇಂಥ ನೆಲದ ಮೇಲಿವೆ ಎಂದು ನಕ್ಷೆ ಮಾಡಿಟ್ಟಿದ್ದಾರೆ. 2020ರಿಂದ ಈಚೆಗೆ ಅಪಾಯದ ವಲಯದಲ್ಲಿ ಮನೆ ಕಟ್ಟುವ ಜಾಗ ಮಾರುವವರು ಮಣ್ಣಿನ ವರದಿಯನ್ನು ಕೊಳ್ಳುವವರ ಕೈಗೆ ಕೊಡಲೇಬೇಕು. ನಮ್ಮಲ್ಲೂ ಆಗಬೇಕಾದದ್ದು ಈ ಕೊನೆಯ ಮಾತು. ಪರಿಹಾರ ಆಮೇಲಿನದು, ಪ್ಲಾಟ್ ಕೊಳ್ಳುವ ದಿನವೇ ಅದರ ಕೆಳಗೆ ಏನಿದೆ ಎಂದು ತಿಳಿಯುವುದು ಮೊದಲಿನದು.

ತಿಳಿಯುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಪ್ರಯೋಗಾಲಯದಲ್ಲಿ ಮಾಡುವ ಮೊದಲ ಪರೀಕ್ಷೆ ಇಷ್ಟೇ: ಒಣಗಿಸಿ ಸೋಸಿದ ಮಣ್ಣಿನ ಪುಡಿಯನ್ನು ಹತ್ತು ಹತ್ತು ಗ್ರಾಂ ತೂಗಿ, ಗೆರೆ ಹಾಕಿದ ಎರಡು ಗಾಜಿನ ಕೊಳವೆಗಳಿಗೆ ಸುರಿಯುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಎರಿ ಉಬ್ಬುವುದಿಲ್ಲ. ಒಂದು ಹಗಲು ಒಂದು ರಾತ್ರಿ ಬಿಟ್ಟು ಎರಡರ ಎತ್ತರ ಹೋಲಿಸುತ್ತಾರೆ. ನೀರಿನಲ್ಲಿರುವ ಮಣ್ಣು ಸೀಮೆಎಣ್ಣೆಯದಕ್ಕಿಂತ ಎರಡು ಪಟ್ಟು ಎತ್ತರ ನಿಂತಿದ್ದರೆ ಆ ನೆಲದ ಮೇಲೆ ಮಾಮೂಲಿ ಪಾಯ ಹಾಕುವುದು ದುಡ್ಡು ಮಣ್ಣುಪಾಲು ಮಾಡಿದಂತೆ. ಪ್ಲಾಟಿನಲ್ಲಿ ಆರೇಳು ಅಡಿ ಗುಂಡಿ ತೋಡಿಸಿ ಗರಸು (ಉಬ್ಬದ ಮುರ್ರಂ ಮಣ್ಣು) ಎಷ್ಟು ಆಳದಲ್ಲಿ ಸಿಗುತ್ತದೆ ಎಂದು ನೋಡುವುದು ಇನ್ನೂ ಸುಲಭ. ಗರಸು ಹತ್ತಿರವಿದ್ದರೆ ಎರಿ ಪೂರ್ತಿ ತೆಗೆಸಿ ಅದರ ಮೇಲೇ ಪಾಯ ಕೂರಿಸಬಹುದು.

ಮನೆ ಆಗಲೇ ಕಟ್ಟಿಯಾಗಿದ್ದರೆ ಮಾಡಬೇಕಾದದ್ದು ತೇವವನ್ನು ವರ್ಷವಿಡೀ ಒಂದೇ ಸಮ ಇಡುವುದು. ಮನೆಯ ಸುತ್ತ ಐದಾರು ಅಡಿ ಅಗಲ, ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಪಟ್ಟಿ ಹಾಸಿ, ಬುಡದಲ್ಲಿ ನೀರು ನಿಲ್ಲದಂತೆ ಮಾಡಿ. ಸೂರಿನ ನೀರನ್ನು ಪೈಪಿನಲ್ಲಿ ದೂರ ಒಯ್ಯಿರಿ. ಸೋರುವ ಬಚ್ಚಲಿನ ಪೈಪನ್ನು ನಾಳೆಗೆ ಬಿಡಬೇಡಿ. ದೊಡ್ಡ ಮರವನ್ನು ಅದು ಬೆಳೆಯುವ ಎತ್ತರದಷ್ಟಾದರೂ ದೂರ ನೆಡಿ. ಕಟ್ಟುವಾಗ ಪಾಯ ತೋಡಿದ ಎರಿಯನ್ನೇ ಮನೆಯ ಒಳಗೆ ತುಂಬಿಸುವುದು ಎಲ್ಲೆಡೆ ಕಾಣುವ ತಪ್ಪು, ಫರಸಿ ಎದ್ದು ಬರುವುದು ಅದರಿಂದಲೇ, ಅಲ್ಲಿ ಗರಸನ್ನೇ ತುಂಬಿಸಬೇಕು. ಸೀಳಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಹಾಕಿ ದಿನಾಂಕ ಬರೆದಿಡಿ. ಬೇಸಿಗೆಯಲ್ಲಿ ಅಗಲವಾಗಿ ಮಳೆಗೆ ಕೂಡಿದರೆ ಅದು ನೆಲದ ಸೀಳು, ಅದಕ್ಕೆ ಪುಟ್ಟಿ ತುಂಬಿಸಿ ಪ್ರಯೋಜನವಿಲ್ಲ. ವರ್ಷಪೂರ್ತಿ ಬೆಳೆಯುತ್ತಲೇ ಇದ್ದರೆ ತಡಮಾಡದೆ ಎಂಜಿನಿಯರರನ್ನು ಕರೆಸಿ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ 1998ರಿಂದ ಬೆಳಗಾವಿಯಲ್ಲೇ ಇದೆ. ಮಣ್ಣು ಪರೀಕ್ಷೆಯ ಪ್ರಯೋಗಾಲಯ ಇರುವ ಸಿವಿಲ್ ಎಂಜಿನಿಯರಿಂಗ್ ಕಾಲೇಜುಗಳೂ ಇದೇ ಊರಲ್ಲಿವೆ. ಅವರೂ ಮಹಾನಗರ ಪಾಲಿಕೆಯೂ ಕೂಡಿ ವಾರ್ಡುವಾರು ಮಣ್ಣಿನ ನಕ್ಷೆಯೊಂದನ್ನು ಸಿದ್ಧಪಡಿಸಿ ಕನ್ನಡ, ಮರಾಠಿ ಎರಡರಲ್ಲೂ ಜನರ ಮುಂದಿಡಬೇಕು. ಎಲ್ಲಿ ಎರಿ, ಎಲ್ಲಿ ಮಸಾರಿ (ಕೆಂಪು ಮಣ್ಣು), ಎಲ್ಲಿ ಗರಸು, ಎಷ್ಟು ಆಳದಲ್ಲಿ ಎಂಬುದು ಅದರಲ್ಲಿ ಕಾಣಬೇಕು. ಹೊಸ ಬಡಾವಣೆಗೆ ಮಂಜೂರಾತಿ ಕೊಡುವ ಮುಂಚೆ ಆ ಜಾಗದ ಮಣ್ಣಿನ ವರದಿ ಕಡತದಲ್ಲಿರಬೇಕು, ಪ್ಲಾಟ್ ಕೊಳ್ಳುವವರ ಕೈಗೂ ಅದರ ಪ್ರತಿ ಸಿಗಬೇಕು. ಖಾನಾಪುರ ತಾಲ್ಲೂಕಿನ ಪಂಚಾಯಿತಿಗಳು ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲೇ ಮಣ್ಣಿನ ಗೋಡೆಯ ಮನೆಗಳನ್ನು ನೋಡಿ, ಬುಡ ಸವೆದಿರುವ ಮನೆಗಳವರನ್ನು ಮಳೆಗಾಲಕ್ಕೆ ಬೇರೆಡೆ ಇರಿಸಬೇಕು. ಈ ಬೇಡಿಕೆಯನ್ನು ನಿಮ್ಮ ವಾರ್ಡಿನ ಸದಸ್ಯರಿಗೆ, ಗ್ರಾಮ ಪಂಚಾಯಿತಿಗೆ, ಶಾಸಕರಿಗೆ ಬರೆದು ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ.